ಒದ್ದೆ ನಾಲಿಗೆ

ಅರಸೀಕೆರೆ ಜಂಕ್ಷನ್ನಿನ ಹಿಂದೆ, ರೈಲ್ವೆ ಕ್ವಾರ್ಟರ್ಸಿನ ತಾರಸಿ ಮೇಲೆ
ನಾಲ್ಕು ಬಿಳಿ ಪೈಪು, ಒಳಗೆ ಹರಿವ ನೀರು,
ನೀರಿಗೆ ಬೇರು ಇಳಿಬಿಟ್ಟ ಪಾಲಕ್ಕು, ಪುದೀನ.
ಮಣ್ಣಿಲ್ಲ.
ಮಣ್ಣಿದ್ದಿದ್ದರೆ ನನ್ನ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು,
ಬರಿ ನೀರಿಗೆ ಅಷ್ಟು ಸೈರಣೆ ಎಲ್ಲಿಂದ?

ನಮ್ಮ ಬೋರಿನ ನೀರು ಕುಡಿದವರಿಗೇ ಗೊತ್ತು:
ಬೇಳೆ ಬೇಯದು, ಸೋಪು ನೊರೆಯದು,
ಕಾಯಿಸಿದ ಪಾತ್ರೆಯ ತಳಕ್ಕೆ ಸುಣ್ಣದ ಚಕ್ಕೆ.
ಗಿಡಕ್ಕೆ ಬೇಕಾದ್ದು ತುಸು ಹುಳಿ;
ಎಷ್ಟು ಹುಳಿ ಎಂದು ಹೇಳಲು ಒಂದು ಯಂತ್ರ.

ಮೊದಲು ಕೊಂಡದ್ದು ಹಳದಿ ಪೆನ್ನು.
ಮುನ್ನೂರೈವತ್ತು ರೂಪಾಯಿ, ಕೊರಿಯರ್‌ನಲ್ಲಿ ಬಂತು.
ಬಂದ ದಿನದಿಂದ ಸಾಕಿದ ಗಿಣಿಯ ಹಾಗೆ ಒಂದೇ ಮಾತು:
ಆರು ಪಾಯಿಂಟ್ ಎರಡು.
ಬೆಳಿಗ್ಗೆ ಕೇಳಿದರೂ, ಸಂಜೆ ಕೇಳಿದರೂ,
ಗೊಬ್ಬರ ಕದಡಿ ಕೇಳಿದರೂ ಆರು ಪಾಯಿಂಟ್ ಎರಡು.
ನನಗೆ ಬೇಕಿದ್ದ ಅಂಕಿಯೂ ಅದೇ.
ಬೇಕಾದ್ದನ್ನೇ ಹೇಳುವ ಬಾಯಿಯನ್ನು ಯಾರು ಅನುಮಾನಿಸುತ್ತಾರೆ?

ಮೂರು ವಾರಕ್ಕೆ ಪಾಲಕ್ಕಿನ ಎಳೆ ಎಲೆ ಬಿಳಿಚಿತು,
ನರ ಮಾತ್ರ ಹಸಿರು.
ಹಸಿವೆಂದುಕೊಂಡು ಇನ್ನೆರಡು ಚಮಚ ಗೊಬ್ಬರ ಸುರಿದೆ.
ಹಸಿವಲ್ಲ ಅದು, ಬಾಯಿ ಕಟ್ಟಿದ್ದು.
ಎಲೆ ತುಂಬ ಬಡಿಸಿದ್ದರೂ ತುತ್ತು ಇಳಿಯದ್ದು.

ಒಂದು ರಾತ್ರಿ, ಟಿಕೆಟ್ ಕೌಂಟರಿನ ಲೆಕ್ಕ ಒಪ್ಪಿಸಿ ಬಂದವಳು
ಯಾಕೋ ನಿಂಬೆಹಣ್ಣು ಹಿಂಡಿ ಅದರೊಳಗೆ ಪೆನ್ನು ಅದ್ದಿದೆ.
ಆರು ಪಾಯಿಂಟ್ ಒಂದು.
ನಿಂತಲ್ಲೇ ನಗು ಬಂತು.
ಆಮೇಲೆ ನಗು ನಿಂತಿತು.

ಹಾಸನದಲ್ಲಿ ಕಾಲೇಜುಗಳಿಗೆ ಗಾಜಿನ ಸಾಮಾನು ಮಾರುವ
ಧರಣೇಂದ್ರಯ್ಯ ಕನ್ನಡಕ ಏರಿಸಿ ಅಂದರು:
“ಬೆಲೆ ಆಮೇಲೆ ಕೇಳಿ, ಮೊದಲು
ಇದರ ನಾಲಿಗೆ ಬಿಚ್ಚಲು ಬರುತ್ತದಾ ಕೇಳಿ.
ಎರಡು ವರ್ಷಕ್ಕೆ ನಾಲಿಗೆ ಸಾಯುತ್ತೆ, ಮೈ ಉಳಿಯುತ್ತೆ.
ಬಿಚ್ಚಲಾಗದ್ದನ್ನು ಕೊಂಡರೆ ಎರಡನ್ನೂ ಮಣ್ಣು ಮಾಡಬೇಕು.”
ಜೊತೆಗೆ ಎರಡು ಬಾಟಲಿ ಇಟ್ಟರು, ಏಳರದ್ದು ಹಳದಿ, ನಾಲ್ಕರದ್ದು ಗುಲಾಬಿ.
“ಇವು ಸಾಕ್ಷಿಗಳು. ಮುಚ್ಚಳ ತೆರೆದ ತಾರೀಕು ಬರೆದಿಡಿ,
ಸಾಕ್ಷಿಯೂ ಹಳತಾದರೆ ಹುಸಿ ನುಡಿಯುತ್ತೆ.
ಬಳಸಿದ್ದನ್ನು ಮತ್ತೆ ಬಾಟಲಿಗೆ ಸುರಿದೀರಿ, ಜೋಕೆ.”

ಹೊಸದು ಹೇಳಿದ ಮೊದಲ ಮಾತು: ಎಂಟು ಪಾಯಿಂಟ್ ಒಂದು.
ಎರಡು ಸಾವಿರದ ಎಂಟುನೂರು ಕೊಟ್ಟದ್ದು
ಇದನ್ನು ಕೇಳಲಿಕ್ಕಾ ಎಂದು ಸಿಟ್ಟು ಬಂತು, ಅದರ ಮೇಲೇ.

ಈಗ ಪ್ರತಿ ಭಾನುವಾರ ಮೊದಲು ಏಳು, ಆಮೇಲೆ ನಾಲ್ಕು.
ನಡುವೆ ತೊಳೆತ. ಒರೆಸುವುದಲ್ಲ, ತಿಕ್ಕುವುದಲ್ಲ,
ಮಗುವಿನ ಮೂಗಿಗೆ ಒತ್ತಿದ ಹಾಗೆ ಹತ್ತಿಬಟ್ಟೆ ಒತ್ತುವುದು.
ಕೆಳಗಿನಿಂದ ಪಾಯಿಂಟ್ಸ್‌ಮನ್ ಮರುಳಸಿದ್ದಪ್ಪ ಕೂಗುತ್ತಾನೆ:
“ಏನ್ ಮೇಡಂ, ನೀರಿಗೂ ಟೈಮ್ ಮಿಲಾಯಿಸ್ತೀರಾ?”
“ಇನ್ನೇನು, ನಿನ್ನ ವಾಚಿನ ಹಾಗೆ.”
“ನಾನು ಸ್ಟೇಷನ್ ಗಡಿಯಾರಕ್ಕೆ ಮಿಲಾಯಿಸ್ತೀನಿ, ಸರಿ.
ಅದು ಯಾರಿಗೆ ಮಿಲಾಯಿಸುತ್ತೆ?”
ಉತ್ತರ ಹೊಳೆಯದೆ ಗುಲಾಬಿ ಬಾಟಲಿ ತಿರುಗಿಸಿ ನೋಡಿದೆ.
ಅದರ ಅವಧಿ ಆಷಾಢದಲ್ಲೇ ಮುಗಿದಿತ್ತು.

ಹುಬ್ಬಳ್ಳಿಯ ಟ್ರೇನಿಂಗಿಗೆ ನಾಲ್ಕು ದಿನ ಹೋಗಿದ್ದಾಗ
ಮುಚ್ಚಳ ಸಡಿಲಿತ್ತು. ಬಂದು ನೋಡಿದರೆ
ಗಾಜಿನ ಗುಂಡಿನ ಸುತ್ತ ಉಪ್ಪಿನ ಬಿಳಿ ಮೀಸೆ.
ಒಣಗಿದ ನಾಲಿಗೆಗೆ ಬಟ್ಟಿ ನೀರು ಕುಡಿಸಬಾರದಂತೆ,
ಅದು ಒಳಗಿನ ಉಪ್ಪನ್ನೂ ಎಳೆದುಕೊಳ್ಳುತ್ತದಂತೆ.
ಅದರದ್ದೇ ಉಪ್ಪಿನ ದ್ರಾವಣದಲ್ಲಿ ರಾತ್ರಿಯಿಡೀ ನಿಲ್ಲಿಸಿದೆ,
ಮೂರು ಗಾಡಿ ಹೋಗುವ ತನಕ ಎಚ್ಚರವಿದ್ದೆ.

ಬೆಳಿಗ್ಗೆ ಹಳದಿ ನೀರಿಗೆ ಅದ್ದಿದಾಗ ತಟ್ಟನೆ ಹೇಳಲಿಲ್ಲ.
ಏಳು ಪಾಯಿಂಟ್ ನಾಲ್ಕು ಅಂದಿತು. ಅಲ್ಲ, ಎರಡು.
ತಡೆಯಿತು. ಒಂದು.
ನಾನೂ ಉಸಿರು ಹಿಡಿದು ಕಾದೆ.
ಏಳು.

ಪಾಲಕ್ಕು ಈಗ ಪಕ್ಕದ ಮನೆಗೂ ಆಗುವಷ್ಟಿದೆ.
ಹಳದಿ ಪೆನ್ನನ್ನು ಎಸೆಯಲಿಲ್ಲ,
ಬಾಗಿದ ಪುದೀನಕ್ಕೆ ಆಸರೆಗೆ ಕಟ್ಟಿದ್ದೇನೆ.
ಬ್ಯಾಟರಿ ಇನ್ನೂ ಇದೆ. ಗುಂಡಿ ಒತ್ತಿದರೆ
ಗಾಳಿಯಲ್ಲೂ ಅದೇ, ಆರು ಪಾಯಿಂಟ್ ಎರಡು.