ಸಗೋತ್ರ

ತೋಟದ ಬೀಗದ ಕೈಯ ಜೊತೆ ಸಿಕ್ಕಿದ್ದು
ಜೆನೊನ್ ಎಂಬವನ ನೋಟುಬುಕ್ಕು.
ಮುಖ ನೋಡಿದವಳಲ್ಲ ನಾನು; ಅಕ್ಷರ ಗೊತ್ತು, ಅಷ್ಟೆ.
ನಾಲ್ಕು ಮಡಿ, ನಾಲ್ಕು ವರ್ಷ, ಬಾಣದ ಗುರುತು:
ಆಲೂಗಡ್ಡೆ ಕಿತ್ತ ಜಾಗಕ್ಕೆ ಟೊಮೆಟೊ ಕೂಡದು,
ಬದನೆಯೂ ಕೂಡದು, ಮೂವರೂ ಒಂದೇ ಗೋತ್ರ,
ಒಬ್ಬರ ರೋಗ ಇನ್ನೊಬ್ಬರಿಗೆ ಕಾದಿರುತ್ತದೆ ಮಣ್ಣಲ್ಲಿ
ದಾಯಾದಿ ವ್ಯಾಜ್ಯದ ಹಾಗೆ.

ಹತ್ತೊಂಬತ್ತು ವರ್ಷದಿಂದ ಈ ವುಚ್ ನಗರದಲ್ಲಿ
ಅದೇ ಕಂಬಿಯ ಮೇಲೆ ಟ್ರಾಮ್ ಓಡಿಸುತ್ತೇನೆ.
ಎಲೆಕೋಸಿಗೆ ಮಾತ್ರ ವರ್ಷಕ್ಕೊಂದು ಮನೆ!
ನಗು ಬಂತು. ಆದರೂ ಬಾಣ ತೋರಿದಂತೆ ನಟ್ಟೆ.

ಜೂನಿನಲ್ಲಿ, ಬಟಾಣಿ ಸಾಲಿನ ನಡುವೆ
ಯಾರೂ ಹಾಕದ ಒಂದು ಆಲೂಗಿಡ
ಹೂವನ್ನೂ ಬಿಟ್ಟುಕೊಂಡು ನಿಂತಿತ್ತು,
ಅವನ ಗುದ್ದಲಿಗೆ ತಪ್ಪಿಸಿಕೊಂಡದ್ದು,
ಹಿಮದಡಿ ಚಳಿಗಾಲ ಕಳೆದದ್ದು.
ಪುಟ ತಿರುವಿದೆ. ಅಡಿಗೆರೆ ಎಳೆದು ಬರೆದಿದ್ದ:
ತಾನಾಗಿ ಹುಟ್ಟಿದ್ದನ್ನು ಕರುಣೆಯಿಲ್ಲದೆ ಕೀಳು.

ಎರಡು ದಿನ ತಡೆದೆ.
ಮೂರನೆಯ ದಿನ ಕಿತ್ತೆ: ಗೋಲಿಯಷ್ಟು ಐದು ಗಡ್ಡೆ.
ಬೇಯಿಸಿ, ಬೆಣ್ಣೆ, ಉಪ್ಪು, ಸಬ್ಬಸಿಗೆ ಹಾಕಿ
ಗುಡಿಸಲ ಮೆಟ್ಟಿಲ ಮೇಲೆ ಕೂತು ತಿಂದೆ.
ನೋಟುಬುಕ್ಕಿನಲ್ಲಿ ಈ ವರ್ಷದ ಚೌಕ ಖಾಲಿಯಿತ್ತು;
ತಾರೀಖು ಹಾಕಿ
ಐದು, ಎಂದು ಬರೆದೆ.