ಇನ್ನೂರ ಹದಿನೇಳನೆಯ ತಟ್ಟೆ

ಪಂಚಾಯಿತಿ ಕಟ್ಟಡದ ಹಿಂದೆ ಹಳೇ ರೇಷನ್ ಗೋದಾಮು.
ಬೀಗ ತೆಗೆದರೆ ಈಗಲೂ ಮೊದಲು ಮೂಗಿಗೆ ಬಡಿಯುವುದು
ಸೀಮೆಎಣ್ಣೆ. ಆಮೇಲೆ ಹುಣಸೆಹಣ್ಣು.
ಆರುನೂರು ತಟ್ಟೆ, ಆರುನೂರು ಲೋಟ,
ಹದಿನಾಲ್ಕು ಬಕೆಟ್ಟು, ಅಷ್ಟೇ ಸೌಟು,
ಇಬ್ಬರು ಹೊರುವ ಅನ್ನದ ಕೊಳಗ ಮೂರು.
ಎಲ್ಲದರ ಬೆನ್ನಿಗೂ ಮೊಳೆಯಲ್ಲಿ ಕುಟ್ಟಿದ ಚುಕ್ಕಿ ಅಂಕಿ:
ಜಾಜಿಗಟ್ಟೆ ಗ್ರಾ. ಪಂ., ಒಂದರಿಂದ ಶುರು.

ಕೆರೆಯ ತೂಬು ಕಟ್ಟಿಕೊಂಡ ವರ್ಷ ಹುಟ್ಟಿದ್ದು ಇದು.
ಮುಳುಗಿ ಕೈಹಾಕಿದ ನೀರುಗಂಟಿ ಯಾಲಕ್ಕಯ್ಯ
ಹೂಳೆತ್ತಲಿಲ್ಲ, ಎಂಜಲು ತಟ್ಟೆ ಎತ್ತಿದ:
ಥರ್ಮಾಕೋಲು, ಬೆಳ್ಳಿಬಣ್ಣದ ಕಾಗದ, ತೆಳ್ಳನೆ ಲೋಟ.
ಯಾರ ಮನೆಯ ಬೀಗರೂಟ, ಯಾರ ಮನೆಯ ತಿಥಿ
ನೀರಿಗೇನು ಗೊತ್ತು. ಗದ್ದೆಗೆ ಬರಲಿಲ್ಲ, ಅಷ್ಟೇ.
ಗ್ರಾಮಸಭೆಯಲ್ಲಿ ಪಿಡಿಒ ಮೇಡಂ
"ಊರಿಗೊಂದು ಪಾತ್ರೆ ಬ್ಯಾಂಕು ಮಾಡೋಣ" ಅಂದಾಗ
ನಕ್ಕವರೇ ಹೆಚ್ಚು.
"ಸೌಟು ಸಾಲಕ್ಕೆ, ಸಾರು ಬಡ್ಡಿಗಾ?"

ಬಾಡಿಗೆ ಇಲ್ಲ. ತೊಳೆದು ತರಬೇಕು.
ಕಳೆದರೆ ತಟ್ಟೆಗೆ ತೊಂಬತ್ತು, ಲೋಟಕ್ಕೆ ಮೂವತ್ತು.
ಬೀಗದ ಕೈ, ಪುಸ್ತಕ, ತಿಂಗಳಿಗಿಷ್ಟು ಅಂತ ಗೌರವಧನ
ಹೆಂಗಸರ ಸಂಘಕ್ಕೆ ಬಂತು. ಸಂಘದಲ್ಲಿ ಚೀಟಿ ಎತ್ತಿದರು.
ಚೀಟಿಯಲ್ಲಿ ನಾನು: ಹೊಂಬಾಳಮ್ಮ, ಕೆಳಗಿನ ಕೇರಿ.

ಸಭೆಯಲ್ಲಿ ಒಂದು ಉಸಿರು ನಿಂತದ್ದು ನನಗೆ ಕೇಳಿಸಿತು.

ಮೇಲಿನ ಬೀದಿಯ ಗಂಗಾಧರಪ್ಪನವರ ಗೃಹಪ್ರವೇಶ.
ಹೊಸ್ತಿಲಾಚೆ ನಿಂತು, ಗೋಡೆಗೆ ಹೇಳಿದಂತೆ ಹೇಳಿದರು:
"ಆ ಕಡೆ ಹೋಗ್ಬಂದವು ಬ್ಯಾಡ ಕಣವ್ವ.
ಒಂದಿನ್ನೂರು ಬ್ಯಾರೆ ಎತ್ತಿಟ್ರೆ..."
"ಯಾವ ಕಡೆ ಅಣ್ಣ?"
ಹೇಳಲು ಅವರಿಗೆ ಬಾಯಿ ಬರಲಿಲ್ಲ.
ಪುಸ್ತಕ ಬಿಚ್ಚಿ ಅವರ ಮುಂದೆ ಹಿಡಿದೆ:
ಹೆಸರಿದೆ, ತಾರೀಕಿದೆ, ಎಷ್ಟು ಅಂತ ಇದೆ.
ಯಾವ್ಯಾವುದು ಅಂತ ಇಲ್ಲ.
ಆ ಗೆರೆ ನಾವು ಎಳೆದಿಲ್ಲ.

ಅರಸೀಕೆರೆಯ ಶಾಮಿಯಾನದವನ ಬಾಡಿಗೆ ಕೇಳಿಕೊಂಡು
ಸಂಜೆಗೆ ಟ್ರ್ಯಾಕ್ಟರ್ ಸಮೇತ ಬಂದರು.
ಅವನ ತಟ್ಟೆಗಳು ಎಷ್ಟು ಕೇರಿ ತಿರುಗಿದ್ದವೋ,
ಅದನ್ನು ಅಲ್ಲಿ ಕೇಳಿರಲಿಕ್ಕಿಲ್ಲ.
"ಮುನ್ನೂರು ಕೊಡು" ಅಂದರು,
ಒಂದು ಕಾಲು ಬಾಗಿಲೊಳಗೆ ಇಟ್ಟು.

ಎಣಿಸಿ ಎಣಿಸಿ ನನಗೆ ಊರು ತಿಳಿಯಿತು.
ಮದುವೆಮನೆ ತಟ್ಟೆಯ ಅಂಚಿನಲ್ಲಿ ಜಿಡ್ಡು ಉಳಿದಿರುತ್ತದೆ.
ಪ್ಯಾರೇಜಾನ್ ಮನೆಯವು ಬಟ್ಟೆಯಲ್ಲಿ ಒರೆಸಿಕೊಂಡು ಬರುತ್ತವೆ.
ಸಾವಿನ ಮನೆಯವು ಎಲ್ಲಕ್ಕಿಂತ ಬೇಗ,
ಮುಖ ಕಾಣುವಷ್ಟು ಉಜ್ಜಿಸಿಕೊಂಡು.
ಕೈಗೆ ಏನಾದರೂ ಕೆಲಸ ಬೇಕಲ್ಲ, ಆವತ್ತು.
ಕೆರೆ ಪೂರ್ತಿ ತಿಳಿಯಾಗಿಲ್ಲ, ಸುಳ್ಳೇಕೆ.
ಗುಟ್ಕಾ ಚೀಟಿ ಇನ್ನೂ ತೇಲುತ್ತವೆ.
ತೂಬು ಮಾತ್ರ ಮೂರು ವರ್ಷದಿಂದ ಗಂಟಲು ಕಟ್ಟಿಲ್ಲ.

ಯುಗಾದಿ ಕಳೆದು ಎಣಿಸಿದರೆ ಒಂದು ಕಮ್ಮಿ.
ಸಾಲಾಗಿ ಜೋಡಿಸಿ ನೋಡಿದೆ:
ಇನ್ನೂರ ಹದಿನಾರಾದ ಮೇಲೆ ಇನ್ನೂರ ಹದಿನೆಂಟು.

ಎಂಟು ದಿನಕ್ಕೆ ಸಿಕ್ಕಿತು, ಬಸ್ ಶೆಲ್ಟರಿನಲ್ಲಿ.
ಎಲ್ಲಿಂದಲೋ ಬಂದು ಅಲ್ಲೇ ಮಲಗುವ ಹೆಂಗಸು,
ಮೊನ್ನೆಯವರೆಗೆ ಅಂಗೈಯಲ್ಲೇ ಅನ್ನ ಈಸಿಕೊಳ್ಳುತ್ತಿದ್ದವಳು,
ನಲ್ಲಿಯಲ್ಲಿ ತಟ್ಟೆ ತೊಳೆದು, ಬೋರಲು ಹಾಕಿ
ಚುಕ್ಕಿಗಳ ಮೇಲೆ ಬೆರಳಾಡಿಸುತ್ತಿದ್ದಳು,
ಮಗುವಿನ ಬೆನ್ನೇನೋ ಎಂಬಂತೆ.
ಯಾವ ಮನೆ ಊಟದಲ್ಲಿ ಯಾರು ಕೊಟ್ಟರೋ.
ಈಸಿಕೊಳ್ಳಲು ಚಾಚಿದ ಕೈಯಲ್ಲಿ
ನನ್ನ ಸೆರಗು ಸರಿಮಾಡಿಕೊಂಡು ಬಂದೆ.

ಪುಸ್ತಕದಲ್ಲಿ ಬರೆದೆ: ೨೧೭, ಬಳಕೆಯಲ್ಲಿದೆ.
ಆಡಿಟ್ಟಿನವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
ಪಕ್ಕದಲ್ಲಿ ಕೇಳಿದ್ದಾರೆ: "ಬಳಕೆದಾರರ ಹೆಸರು?"
ಮೂರು ದಿನ ಕೇಳಿದೆ. ಮೂರು ಹೆಸರು ಹೇಳಿದಳು.
ಜಾಗ ಖಾಲಿ ಬಿಟ್ಟಿದ್ದೇನೆ.
ತೊಂಬತ್ತು ರೂಪಾಯಿ ನನ್ನ ದುಡ್ಡಲ್ಲಿ ಹಿಡಿದರು.

ಹಿಡಿಯಲಿ.
ನಾಳೆ ಬೆಳಗ್ಗೆ ಬಿಸಿಲು ಬಿದ್ದ ಮೇಲೆ
ಐನೂರ ತೊಂಬತ್ತೊಂಬತ್ತನ್ನು ಸ್ಕೂಲ್ ಬಯಲಲ್ಲಿ ಹರಡಬೇಕು.