ನೀರಿನ ಲೇನು

ಹಿದ್ದ್ ಹಡಗುಕಟ್ಟೆಯ ವೆಲ್ಡರ್ ಉಮರಬ್ಬ
ತೋಳು ಚಾಚುವ ಮೊದಲು ಕೇಳಿದ್ದು ಒಂದೇ:
"ಅನ್‌ಫಿಟ್ ಅಂತ ಬರೆಯಲ್ಲ ತಾನೆ, ಮೇಡಂ?"

ಇಲ್ಲ ಅಂದೆ. ಹೆಸರೇ ಇರುವುದಿಲ್ಲ,
ನೀವು ಬರೀ ಹದಿನೇಳು.
ನಕ್ಕರು. ಹತ್ತೊಂಬತ್ತು ವರ್ಷದಿಂದ
ಹೆಲ್ಮೆಟ್ಟಿನ ಮೇಲೆ ನಂಬರಾಗಿರುವವರಿಗೆ
ಇದೇನು ಹೊಸತೆ?

ಕಾಯಿಲೆಯವರ ರಕ್ತ ನಮ್ಮ ಫ್ರಿಜ್ಜಿನಲ್ಲಿ ಬೇಕಾದಷ್ಟಿದೆ.
ಸಾಲದೆ ಬಂದದ್ದು ಏನೂ ಆಗದವರ ರಕ್ತ.
ಬೇಡಿ ತಂದೆವು ಇಪ್ಪತ್ತನಾಲ್ಕು:
ನರ್ಸ್ ಗ್ಲೋರಿಬೆಲ್,
ಕ್ಯಾಂಟೀನಿನಲ್ಲಿ ಪರೋಟ ತಟ್ಟುವ ಶಿಹಾಬು,
ಲಾಂಡ್ರಿಯ ನೇಪಾಳಿ ಅಣ್ಣತಮ್ಮ,
ಅಜ್ಜ ಮುತ್ತಿಗೆ ಮುಳುಗುತ್ತಿದ್ದನೆಂದು ಹೇಳಿಕೊಳ್ಳುವ
ಗೇಟಿನ ಜಾಸಿಮ್, ಸೂಜಿ ಕಂಡೊಡನೆ ಕಣ್ಣು ಮುಚ್ಚಿದವನು.

ಹುಡುಕುತ್ತಿರುವುದೇನು ಅಂತ ಹೇಗೆ ಹೇಳಲಿ ಇವರಿಗೆ?
ಒಂಬತ್ತನೆಯ ಕ್ರೋಮೋಸೋಮು ಮುರಿದು
ಇಪ್ಪತ್ತೆರಡರ ಮುರುಕಿಗೆ ಅಂಟಿದರೆ
ಎಂದೂ ಅಕ್ಕಪಕ್ಕ ಕೂರದ ಎರಡು ಪದ ಒಂದಾಗುತ್ತವೆ,
ಜೀವಕಣ ಅದನ್ನೇ ಓದಿ ಓದಿ ನಕಲಿಳಿಸುತ್ತದೆ.
ಲೋಪ, ಆಗಮ, ಆದೇಶ ಎಂದು
ಮೇಜು ಕುಟ್ಟುತ್ತಿದ್ದ ಗಂಗೊಳ್ಳಿಯ ಫ್ಲೋಸಿ ಟೀಚರು
ಈ ಸಂಧಿಗೆ ಹೆಸರು ಹೇಳಿಕೊಟ್ಟಿರಲಿಲ್ಲ.

ಬೆಸುಗೆ, ಅಂದೆ ಉಮರಬ್ಬನಿಗೆ.
ತಟ್ಟನೆ ಹಿಡಿದರು.
"ಪ್ಲೇಟು ಎರಡೂ ತಪ್ಪು, ಬೆಸುಗೆ ಮಾತ್ರ ಗಟ್ಟಿ. ಅಲ್ವಾ?
ಅದೇ ಡೇಂಜರು.
ಕೆಟ್ಟ ಬೆಸುಗೆಯಾದರೆ ತಾನಾಗಿ ಬಿಟ್ಟುಕೊಳ್ಳುತ್ತದೆ."

ಡಾಕ್ಟರ್ ಸಬೀಕಾ ಪಾಠದಲ್ಲಿರುವುದನ್ನು ನಂಬುವ ಹೆಂಗಸಲ್ಲ.
ಇದು ರಕ್ತದ ಕ್ಯಾನ್ಸರಿನ ಸಹಿ, ಸರಿ.
ಹತ್ತು ಕೋಟಿ ಕಣಗಳ ನಡುವೆ ಎಲ್ಲೋ ಒಂದು
ಗಟ್ಟಿಮುಟ್ಟಾದವನ ಮೈಯಲ್ಲೂ
ಅದೇ ಸಹಿ ಹಾಕಿ ಸುಮ್ಮನೆ ಕೂತಿದ್ದರೆ?
"ಮೊದಲು ನಿನ್ನ ಕೈಯನ್ನು ಅನುಮಾನಿಸು" ಎನ್ನುತ್ತಾಳೆ,
ಗ್ಲೌಸು ಬದಲಿಸು, ಕೋಣೆ ಬದಲಿಸು.
ಮುಚ್ಚಿದ ಕಿಟಕಿಯೊಳಗೂ ಶಮಾಲ್ ಗಾಳಿ
ಮೇಜಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಮರಳು ತರುತ್ತದೆ;
ರೋಗಿಯ ಒಂದು ತುಣುಕು
ನನ್ನ ತೋಳಂಚಿನಲ್ಲಿ ಸವಾರಿ ಬರಲಾರದೆ?

ಅದಕ್ಕೇ ಕೊನೆಯ ಲೇನು ನೀರಿಗೆ.
ರಕ್ತವಿಲ್ಲ, ಯಾರೂ ಇಲ್ಲ, ಬರೀ ನೀರು.
ಅಲ್ಲಿ ಏನೂ ಕಾಣಬಾರದು.

ಮೊದಲ ಸಲ ಕಂಡಿತು.
ಒಂಬತ್ತು ಜನರ ಜೊತೆ ನೀರೂ ಹೊಳೆಯಿತು.
ಮೂರು ವಾರ ತಿಪ್ಪೆಗೆ.
ಊಟ ಬಿಟ್ಟು ಕೂತವಳಿಗೆ ಶಿಹಾಬು
ಕಾಸು ಮುಟ್ಟದೆ ಒಂದು ಪರೋಟ ಕೊಟ್ಟ.

ಎರಡನೆಯ ಸಲ ನೀರು ಕತ್ತಲು.
ನೇರಳೆ ಬೆಳಕಿನಡಿ ಏಳು ಗೆರೆ,
ಉಗುರು ತಾಗಿದ ಗೀರಿನಷ್ಟು.
ಮೂರನೆಯ ಸಲ ಎರಡು ಮಾಯ, ಒಂದು ಹೊಸತು.
ಅಪರೂಪದ್ದು ಹಾಗೇ, ಒಂದೇ ಚಮಚಕ್ಕೆ ದಿನಾ ಸಿಗುವುದಿಲ್ಲ.
ಅಕ್ಷರ ಅಕ್ಷರ ಓದಿಸಿದೆವು. ಅದೇ ಜಾಗ, ಅದೇ ಬೆಸುಗೆ.
ಹದಿನೇಳನ್ನು ನಾನು ಕೊನೆಗೆ ನೋಡಿದೆ.
ನೋಡಬಾರದಿತ್ತು, ಅಂದರೆ
ಹದಿನೇಳು ಯಾರೆಂದು ನೆನಪಿಟ್ಟುಕೊಳ್ಳಬಾರದಿತ್ತು.

ರಮದಾನಿನ ಮೊದಲ ವಾರ, ಸಂಜೆ, ಬಸ್ ಸ್ಟಾಪು.
ಉಮರಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಕವರು,
ಕವರಿನಲ್ಲಿ ಖರ್ಜೂರ, ಲಬನ್, ವೀಸಾ ಮೆಡಿಕಲ್ ಕಾಗದ:
ಫಿಟ್. ಇನ್ನೆರಡು ವರ್ಷ.
"ಸಿಕ್ಕಿತಾ ಮೇಡಂ, ನಿಮ್ಮ ಬೆಸುಗೆ?"
"ಸಿಕ್ಕಿತು. ಕೆಲವರಲ್ಲಿ."
"ಅವರು ಹೇಗಿದ್ದಾರೆ ಈಗ?"
"ಚೆನ್ನಾಗಿದ್ದಾರೆ. ಡ್ಯೂಟಿಗೆ ಹೋಗ್ತಾ ಇದ್ದಾರೆ."
"ಖಲ್ಲಿವಲ್ಲಿ, ಹಾಗಾದ್ರೆ" ಎಂದು
ಅರಬ್ಬಿಗೆ ಕನ್ನಡ ಅಂಟಿಸಿ ಕೈಬೀಸಿದರು,
ಬ್ಯಾರಿ, ಹಿಂದಿ, ಮಲಯಾಳ
ಒಂದೇ ನಾಲಗೆಯಲ್ಲಿ ಬೆಸೆದು ಇಷ್ಟು ವರ್ಷ ಉಂಡವರು.

ಮಗ್ರಿಬ್ ಬಾಂಗಿಗೆ ಎರಡು ನಿಮಿಷ.
ಕವರು ಬಿಚ್ಚುತ್ತ, ನೆನಪಾದಂತೆ ಕೇಳಿದರು:
"ಅಲ್ಲ, ನಿಮ್ಮದು ಎಷ್ಟನೇ ನಂಬರು ಮೇಡಂ?"

ಎಲ್ಲರ ತೋಳು ಕಟ್ಟಿದವಳು ನಾನು.
ನೀರಿನ ಲೇನಿನ ಹಾಗೆ ನಿಂತೆ,
ಏನೂ ಹೊಳೆಯಲಿಲ್ಲ.